ಪೈ ಬೆಲೆ ಬೇರೆ ಎಂದು ಯಾರಾದರೂ ಹೇಳಿದರೆ ಏನು ಮಾಡಬೇಕು?

ಹೋದ ತಿಂಗಳು ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. "ಮಾವ, ಪೈ ಬೆಲೆ 3.1416 ಅಲ್ಲವಂತೆ. ನಿಜವಾದದ್ದು 3.1446 ಅಂತೆ. ಇಷ್ಟು ವರ್ಷ ಎಲ್ಲರೂ ತಪ್ಪನ್ನೇ ಕಲಿಸಿದ್ದಾರಂತೆ" ಎಂದ. ಮೂರು ವಾಕ್ಯ, ಮೂರು 'ಅಂತೆ'. ಸುವರ್ಣ ಅನುಪಾತ ಎಂಬ ಸಂಖ್ಯೆಯ (ಸುಮಾರು 1.618) ವರ್ಗಮೂಲದಿಂದ 4ನ್ನು ಭಾಗಿಸಿದರೆ ಈ 3.1446 ಸಿಗುತ್ತದೆ. ನೋಡಲು ಅಂದವಾದ ಸೂತ್ರ. ಆ ಅಂದವೇ ಅದರ ಬಂಡವಾಳ.

"ಅದೆಲ್ಲ ಸುಳ್ಳು, ಹೋಗಿ ಓದಿಕೋ" ಎಂದು ಗದರಿ ಕಳುಹಿಸಬಹುದಿತ್ತು. ಆದರೆ ಗದರುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಪೈ ಎಂದರೆ ವೃತ್ತದ ಪರಿಧಿಯನ್ನು, ಅಂದರೆ ಸುತ್ತಳತೆಯನ್ನು, ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ ತಾನೆ? ಹಾಗೆ ಭಾಗಿಸಿದಾಗ ಸರಿಯಾಗಿ 3 ಬರುವ, 2 ಬರುವ, 4 ಬರುವ ಜಾಗಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಒಂದು ನಿಮ್ಮ ಮನೆಯ ಅಂಗಳದಲ್ಲೇ ಇರಬಹುದು. ಹಾಗಾಗಿ ನಾವಿಬ್ಬರೂ ಒಂದು ಸಂಜೆ ಕುಳಿತು ಆ ಹೇಳಿಕೆಯನ್ನು ಪರೀಕ್ಷೆ ಮಾಡಿಯೇ ಬಿಟ್ಟೆವು. ಅದೇ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಬೇಕಾಗುವ ಸಾಮಾನು: ಒಂದು ಊಟದ ತಟ್ಟೆ, ಹೊಲಿಗೆ ದಾರ, ಅಳತೆಪಟ್ಟಿ, ಫುಟ್‌ಬಾಲ್, ಚೌಕುಳಿ ಹಾಳೆಯ ಲೆಕ್ಕದ ಪುಸ್ತಕ, ವರ್ಗಮೂಲದ ಗುಂಡಿ ಇರುವ ಕ್ಯಾಲ್ಕುಲೇಟರ್.

ಹಂತ 1: ಯಾವ ಬಗೆಯ ಸ್ಥಿರಾಂಕ ಎಂದು ಕೇಳಿ

ಸ್ಥಿರಾಂಕ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕುಲಗಳು ಓಡಾಡುತ್ತಿವೆ. ಒಂದು, ಅಳೆದು ತಿಳಿಯಬೇಕಾದದ್ದು. ಗುರುತ್ವದಿಂದ ವಸ್ತು ಬೀಳುವ ವೇಗೋತ್ಕರ್ಷವನ್ನು ಶಾಲೆಯಲ್ಲಿ 9.8 ಎಂದು ಕಲಿಯುತ್ತೇವೆ. ಅದು ಸಮಭಾಜಕದ ಬಳಿ ಸುಮಾರು 9.78, ಧ್ರುವದಲ್ಲಿ 9.83. ವಿದ್ಯುತ್ಕಾಂತ ಬಲದ ಗಟ್ಟಿತನವನ್ನು ಹೇಳುವ ಒಂದು ಸಂಖ್ಯೆ ಇದೆ, ಸುಮಾರು 137.036ರಲ್ಲಿ ಒಂದು ಭಾಗ. ಅದು ಕಾಲಕ್ರಮದಲ್ಲಿ ಬದಲಾಗಿದೆಯೇ ಎಂದು ವಿಜ್ಞಾನಿಗಳು ಇಂದಿಗೂ ಹುಡುಕುತ್ತಿದ್ದಾರೆ. ಆಫ್ರಿಕಾದ ಗ್ಯಾಬೊನ್ ದೇಶದ ಓಕ್ಲೊ ಎಂಬಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ತಾನಾಗಿಯೇ ಪರಮಾಣು ಸ್ಥಾವರದಂತೆ ಉರಿದಿತ್ತು. 1972ರಲ್ಲಿ ಪತ್ತೆಯಾದ ಅದರ ಬೂದಿಯನ್ನು ಜಾಲಾಡಿದ್ದೂ ಈ ಪ್ರಶ್ನೆಗಾಗಿಯೇ. ಬೆಳಕಿನ ವೇಗದ ಕಥೆ ಇನ್ನೊಂದು ರೀತಿಯದು: 1983ರಿಂದ ಮೀಟರನ್ನೇ ಬೆಳಕಿನಿಂದ ವ್ಯಾಖ್ಯಾನಿಸಿರುವುದರಿಂದ ಸೆಕೆಂಡಿಗೆ 29,97,92,458 ಮೀಟರ್ ಎಂಬುದು ಈಗ ಅಳತೆಯ ಫಲಿತಾಂಶವಲ್ಲ, ಒಪ್ಪಂದ.

ಎರಡನೆಯ ಕುಲ ಪೈಯದ್ದು. ಅದು ತರ್ಕದಿಂದ ತಿಳಿಯಬೇಕಾದದ್ದು, ಯಾವ ಗಣಿಯಲ್ಲಿ ಅಗೆದರೂ ಸಿಗುವುದಿಲ್ಲ. ನಿಮ್ಮ ಮುಂದಿರುವ ಹೇಳಿಕೆ ಮೊದಲ ಕುಲದ್ದಾದರೆ ಈ ಲೇಖನ ನಿಮಗೆ ನೆರವಾಗದು, ಭೌತವಿಜ್ಞಾನಿಗಳ ಬಳಿ ಹೋಗಿ. ಎರಡನೆಯದಾದರೆ ಮುಂದೆ ಓದಿ.

ಹಂತ 2: ದಾರದಿಂದ ಅಳೆಯಿರಿ, ಆದರೆ ಅದರ ಮಾತನ್ನು ಪೂರ್ತಿ ನಂಬಬೇಡಿ

ತಟ್ಟೆಯ ಅಂಚಿಗೆ ದಾರ ಸುತ್ತಿ ಅಳೆಯಿರಿ, ಅಡ್ಡಗಲ ಅಳೆಯಿರಿ, ಭಾಗಿಸಿ. ನಮಗೆ ಮೊದಲ ಸಲ 3.15, ಎರಡನೆಯ ಸಲ 3.13 ಬಂತು. ಹುಡುಗನ ಮುಖ ಅರಳಿತು: "ನೋಡಿ ಮಾವ, ಬದಲಾಗುತ್ತಿದೆ!"

ಬದಲಾದದ್ದು ದಾರದ ಬಿಗಿ. 30 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ 3.1416ಕ್ಕೂ 3.1446ಕ್ಕೂ ಪರಿಧಿಯಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಹೊಲಿಗೆ ದಾರ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪೈ ಬೆಲೆಯನ್ನು ಅಳೆದು ತಿದ್ದಿದ್ದೇನೆ ಎನ್ನುವವರಲ್ಲಿ ಬಹುಪಾಲು ಜನ ಇಲ್ಲೇ ಜಾರುತ್ತಾರೆ. ಈ ಹಂತವನ್ನು ಕೈಬಿಡಬೇಡಿ. ಅಳತೆ ಎಲ್ಲಿ ಸೋಲುತ್ತದೆ ಎಂದು ಕೈಗೆ ಗೊತ್ತಾಗಬೇಕಾದರೆ ಇದು ಬೇಕು.

ಹಂತ 3: ಜರಡಿ ಹಿಡಿಯಿರಿ

ದಾರಕ್ಕೆ ಆಗದ ಕೆಲಸವನ್ನು ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ತರ್ಕದಿಂದ ಮಾಡಿದ. ವೃತ್ತದ ಒಳಗೆ ಅಂಚಿಗೆ ತಾಗುವಂತೆ ಒಂದು ಷಡ್ಭುಜ ಬರೆಯಿರಿ, ಹೊರಗೆ ವೃತ್ತವನ್ನು ತಬ್ಬುವಂತೆ ಇನ್ನೊಂದು. ವೃತ್ತದ ಸುತ್ತಳತೆ ಒಳಗಿನದಕ್ಕಿಂತ ಹೆಚ್ಚು, ಹೊರಗಿನದಕ್ಕಿಂತ ಕಡಿಮೆ. ವ್ಯಾಸ 1 ಎಂದಿಟ್ಟುಕೊಂಡರೆ ಒಳಗಿನ ಷಡ್ಭುಜದ ಸುತ್ತಳತೆ 3, ಹೊರಗಿನದು 3.46410. ಈಗ ಬಾಹುಗಳನ್ನು ಇಮ್ಮಡಿಸುತ್ತಾ ಹೋಗಿ. ಚಿತ್ರ ಬರೆಯಬೇಕಾಗಿಲ್ಲ, ಕ್ಯಾಲ್ಕುಲೇಟರ್ ಸಾಕು:

ಹೊಸ ಹೊರ ಅಳತೆ: ಹಳೆಯ ಹೊರ, ಒಳ ಅಳತೆಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ.
ಹೊಸ ಒಳ ಅಳತೆ: ಈಗ ಸಿಕ್ಕ ಹೊಸ ಹೊರ ಅಳತೆಯನ್ನು ಹಳೆಯ ಒಳ ಅಳತೆಯಿಂದ ಗುಣಿಸಿ ವರ್ಗಮೂಲ ತೆಗೆಯಿರಿ.

ನಿಮಗೆ ಸಿಗಬೇಕಾದದ್ದು:

12 ಬಾಹು: 3.10583 ಮತ್ತು 3.21539ರ ನಡುವೆ
24 ಬಾಹು: 3.13263 ಮತ್ತು 3.15966ರ ನಡುವೆ
48 ಬಾಹು: 3.13935 ಮತ್ತು 3.14609ರ ನಡುವೆ
96 ಬಾಹು: 3.14103 ಮತ್ತು 3.14271ರ ನಡುವೆ

ಈಗ ಮೊಬೈಲಿನಲ್ಲಿ ಬಂದ 3.1446ನ್ನು ಈ ಜರಡಿಗೆ ಹಾಕಿ. 48 ಬಾಹುಗಳವರೆಗೂ ಅದು ನುಸುಳಿಕೊಂಡು ಹೋಗುತ್ತದೆ! 96ಕ್ಕೆ ಸಿಕ್ಕಿಬೀಳುತ್ತದೆ: ವೃತ್ತವನ್ನು ಹೊರಗಿನಿಂದ ತಬ್ಬಿದ ಆಕೃತಿಯ ಸುತ್ತಳತೆಗಿಂತಲೂ ಒಳಗಿನ ವೃತ್ತದ್ದೇ ಹೆಚ್ಚು ಎಂದಂತಾಗುತ್ತದೆ. ಅಕ್ಕನ ಮಗ ಆ ಸಾಲಿನ ಲೆಕ್ಕವನ್ನು ಮೂರು ಸಲ ಮಾಡಿದ. ಮೂರು ಸಲವೂ ಅದೇ ಉತ್ತರ.

ಜರಡಿ ಕೈಯಲ್ಲಿದೆ ಎಂದಾದ ಮೇಲೆ ಹಳೆಯ ಬೆಲೆಗಳನ್ನೆಲ್ಲ ಹಾಕಿ ನೋಡುವ ಆಸೆಯಾಗುವುದು ಸಹಜ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಎರಡು ಬೆಲೆ ಕೊಡುತ್ತಾನೆ: ಸ್ಥೂಲವಾಗಿ 3, ಸೂಕ್ಷ್ಮವಾಗಿ ಹತ್ತರ ವರ್ಗಮೂಲ, ಅಂದರೆ 3.1623. ಸ್ಥೂಲವಾದದ್ದು 12 ಬಾಹುಗಳಲ್ಲಿ ಸಿಕ್ಕಿಬೀಳುತ್ತದೆ, ಸೂಕ್ಷ್ಮವಾದದ್ದು 24ರಲ್ಲಿ. ಆದರೆ ಆತ 'ಸ್ಥೂಲ' ಎಂದು ಹೆಸರಿಟ್ಟೇ ಕೊಟ್ಟಿದ್ದಾನೆ ಎಂಬುದನ್ನು ಗಮನಿಸಿ. ಅವನಿಗಿಂತ ಮೂರೂವರೆ ಶತಮಾನ ಮೊದಲು, 499ರಲ್ಲಿ, ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದಾಗ ಅದರ ಜೊತೆಗೆ 'ಆಸನ್ನ' ಎಂಬ ಪದವನ್ನೂ ಸೇರಿಸಿದ್ದ. ಹತ್ತಿರದ್ದು, ಅಷ್ಟೆ. ಅವನ 3.1416 ಸಿಕ್ಕಿಬೀಳಬೇಕಾದರೆ ನೀವು 1,536 ಬಾಹುಗಳವರೆಗೆ ಹೋಗಬೇಕು. ನಾವೆಲ್ಲ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಬರೆದ 22/7 ಮಾತ್ರ 96ಕ್ಕೇ ಸೋಲುತ್ತದೆ. ಹಳೆಯ ಪುಸ್ತಕದಲ್ಲಿ ಬೇರೆ ಅಂಕಿ ಇದೆ ಎಂದರೆ ಪೈ ಬೇರೆ ಇತ್ತು ಎಂದು ಅರ್ಥವಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಅಳೆದುಕೊಂಡಿದ್ದರು. ಪೈಯನ್ನು ಯಾವ ಭಿನ್ನರಾಶಿಯೂ ಸರಿಗಟ್ಟಲಾರದು ಎಂದು 18ನೆಯ ಶತಮಾನದಲ್ಲಿ ಲ್ಯಾಂಬರ್ಟ್ ಸಾಧಿಸಿ ತೋರಿಸಿದ ಮೇಲೆ ಆ ಚರ್ಚೆಯೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1897ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎಡ್ವರ್ಡ್ ಗುಡ್ವಿನ್ ಎಂಬ ವೈದ್ಯನ 'ಸಂಶೋಧನೆ'ಯನ್ನು ಶಾಸನವಾಗಿಸುವ ಮಸೂದೆ ಬಂತು. ಅದರ ಪ್ರಕಾರ ಪೈ 3.2 ಆಗುತ್ತಿತ್ತು. ಕೆಳಮನೆ ಅದನ್ನು 67–0 ಮತಗಳಿಂದ ಅಂಗೀಕರಿಸಿತು. ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಗಣಿತದ ಪ್ರಾಧ್ಯಾಪಕ ವಾಲ್ಡೊ ಗಾಬರಿಯಾಗಿ ಸೆನೆಟ್ ಸದಸ್ಯರಿಗೆ ಪಾಠ ಹೇಳಿದ ಮೇಲೆ ಮೇಲ್ಮನೆ ಅದನ್ನು ಅನಿರ್ದಿಷ್ಟಾವಧಿಗೆ ಮುಂದೂಡಿತು. ನಮ್ಮ ಜರಡಿಯಲ್ಲಿ ಆ 3.2 ಇಪ್ಪತ್ನಾಲ್ಕು ಬಾಹುಗಳನ್ನು ದಾಟುವುದಿಲ್ಲ.

ಹಂತ 4: ನೆಲವನ್ನು ಬದಲಿಸಿ

ಇಲ್ಲಿಯವರೆಗೆ ವೃತ್ತ ಚಪ್ಪಟೆ ಹಾಳೆಯ ಮೇಲಿತ್ತು. ಈಗ ಫುಟ್‌ಬಾಲ್ ತೆಗೆದುಕೊಳ್ಳಿ. ದೊಡ್ಡವರು ಆಡುವ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್. ನಿಮ್ಮದು 69 ಎಂದುಕೊಳ್ಳೋಣ. ಗಾಳಿ ತುಂಬುವ ತೂತನ್ನು ಧ್ರುವ ಎಂದು ಇಟ್ಟುಕೊಳ್ಳಿ. ಅಲ್ಲಿಂದ ಚೆಂಡಿನ ಮೈಮೇಲೆಯೇ ದಾರ ಹಿಡಿದು, ಸುತ್ತಳತೆಯ ಹನ್ನೆರಡನೇ ಒಂದು ಭಾಗ, ಅಂದರೆ 5.75 ಸೆಂಟಿಮೀಟರ್ ದೂರದಲ್ಲಿ ಸುತ್ತಲೂ ಚುಕ್ಕಿ ಇಟ್ಟು ವೃತ್ತ ಎಳೆಯಿರಿ. ಆ ವೃತ್ತದ ಪರಿಧಿ ಅಳೆದರೆ ಸುಮಾರು 34.5 ಬರುತ್ತದೆ. ಒಂದು ಅಂಚಿನಿಂದ ತೂತಿನ ಮೇಲೆ ಹಾದು ಇನ್ನೊಂದು ಅಂಚಿಗೆ ಇರುವೆ ನಡೆದರೆ ಅದರ ದಾರಿ 11.5. ಭಾಗಿಸಿ: 3. ಹತ್ತಿರತ್ತಿರ 3 ಅಲ್ಲ, ಚೆಂಡು ಸರಿಯಾದ ಗೋಳವಾಗಿದ್ದರೆ ಕರಾರುವಾಕ್ಕಾಗಿ 3.

ದಾರವನ್ನು 17.25ಕ್ಕೆ ಉದ್ದ ಮಾಡಿ. ವೃತ್ತ ಚೆಂಡಿನ ನಡುಪಟ್ಟಿಯಾಗುತ್ತದೆ: ಪರಿಧಿ 69, ಇರುವೆಯ ವ್ಯಾಸ 34.5, ಅನುಪಾತ 2. ಇನ್ನೂ ಕೆಳಗೆ, 28.75ಕ್ಕೆ ಇಳಿಸಿದರೆ ಅನುಪಾತ 0.6. ಹುಡುಗ ಇದನ್ನು ನೋಡಿ ಮೊಬೈಲನ್ನು ಪಕ್ಕಕ್ಕಿಟ್ಟ.

ದೊಡ್ಡ ಚೆಂಡು ಬೇಕಾದರೆ ಭೂಮಿಯೇ ಇದೆ. ಉತ್ತರಕ್ಕೆ 60 ಡಿಗ್ರಿಯ ಅಕ್ಷಾಂಶ ರೇಖೆ ಉತ್ತರ ಧ್ರುವದ ಸುತ್ತ ಎಳೆದ ವೃತ್ತ ತಾನೆ? ಅದರ ಉದ್ದ ಸುಮಾರು 20,000 ಕಿಲೋಮೀಟರ್. ಧ್ರುವದ ಮೇಲೆ ಹಾದು ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು 6,670. ಇಲ್ಲಿಯೂ 3. ಓಸ್ಲೊ, ಹೆಲ್ಸಿಂಕಿ, ಸೇಂಟ್ ಪೀಟರ್ಸ್‌ಬರ್ಗ್ ನಗರಗಳು ಈ ವೃತ್ತದ ಆಸುಪಾಸಿನಲ್ಲೇ ಇವೆ.

ಪೈಗಿಂತ ಹೆಚ್ಚಿನ ಅನುಪಾತ ಬೇಕೆ? ಕರಿದ ಹಪ್ಪಳ ತೆಗೆದುಕೊಳ್ಳಿ. ಅದರ ಅಂಚು ಅಲೆಅಲೆಯಾಗಿ ಮಡಚಿಕೊಂಡಿದೆ ಎಂದರೆ, ಮೈಮೇಲಿನ ಅಗಲಕ್ಕೆ ಚಪ್ಪಟೆ ಹಾಳೆ ಒಪ್ಪುವುದಕ್ಕಿಂತ ಉದ್ದದ ಪರಿಧಿ ಅಲ್ಲಿ ತುಂಬಿಕೊಂಡಿದೆ. ಅಳೆಯುವ ಮೊದಲೇ ಮುರಿಯುತ್ತದೆ ಎಂಬುದೊಂದೇ ತೊಂದರೆ.

ಹಾಗಾದರೆ ಪೈ ಬದಲಾಯಿತೇ? ಒಂದು ಕೆಲಸ ಮಾಡಿ. ಚೆಂಡಿನ ಮೇಲೆ ವೃತ್ತವನ್ನು ಚಿಕ್ಕದು ಮಾಡುತ್ತಾ ಬನ್ನಿ. ಲೆಕ್ಕದ ಪ್ರಕಾರ ತ್ರಿಜ್ಯ 2 ಸೆಂಟಿಮೀಟರ್ ಇದ್ದಾಗ ಅನುಪಾತ 3.124, 1 ಸೆಂಟಿಮೀಟರ್ ಇದ್ದಾಗ 3.137. ವೃತ್ತ ಕುಗ್ಗಿದಷ್ಟೂ ಅದು 3.14159ರ ಕಡೆಗೇ ಓಡುತ್ತದೆ. ಚೆಂಡಿನ ಇರುವೆಗಳಲ್ಲಿ ಗಣಿತ ಬಲ್ಲವು ಇದ್ದರೆ, "ವೃತ್ತಕ್ಕೊಂದು ಅನುಪಾತ, ಆದರೆ ಎಲ್ಲವೂ ಒಂದೇ ಸಂಖ್ಯೆಯ ಕಡೆಗೆ ಬಾಗಿವೆ" ಎಂದು ಅವೂ ಬರೆದಿಟ್ಟುಕೊಳ್ಳುತ್ತಿದ್ದವು. ಬದಲಾದದ್ದು ಅನುಪಾತ. ಯಾವ ವೃತ್ತದಲ್ಲಿ ಎಷ್ಟು ಬದಲಾಗಬೇಕು ಎಂಬ ಸೂತ್ರದಲ್ಲಿ ಹಳೆಯ ಪೈ ಹಾಗೆಯೇ ಕುಳಿತಿದೆ.

ಹಂತ 5: ನಡಿಗೆಯ ನಿಯಮವನ್ನು ಬದಲಿಸಿ

ಬೆಂಗಳೂರಿನ ಜಯನಗರದಲ್ಲಿ ಆಟೋ ಹಿಡಿದವರಿಗೆ ಇದು ವಿವರಿಸದೆಯೇ ಗೊತ್ತು. ಕಾಗೆ ಹಾರುವ ದೂರ ಬೇರೆ, ಮೇನ್ ಮತ್ತು ಕ್ರಾಸ್ ಹಿಡಿದು ಮೀಟರ್ ಓಡುವ ದೂರ ಬೇರೆ. ಚೌಕುಳಿ ಹಾಳೆಯಲ್ಲಿ ಒಂದು ಬಿಂದು ಗುರುತಿಸಿ. ಗೆರೆಗಳ ಮೇಲಷ್ಟೇ ನಡೆದು ಸರಿಯಾಗಿ 5 ಮನೆ ದೂರದಲ್ಲಿರುವ ಬಿಂದುಗಳನ್ನೆಲ್ಲ ಗುರುತು ಮಾಡಿ. ಮೂಲೆಯ ಮೇಲೆ ನಿಂತ ಚೌಕದಂಥ ಆಕೃತಿ ಬರುತ್ತದೆ. ಒಂದು ಕೇಂದ್ರದಿಂದ ಸಮದೂರದಲ್ಲಿರುವ ಬಿಂದುಗಳಾದ್ದರಿಂದ ಆಟೋದವರ ಪಾಲಿಗೆ ಅದೇ ವೃತ್ತ. ಅದರ ಒಂದೊಂದು ಬದಿಯನ್ನು ಅದೇ ನಿಯಮದಿಂದ ನಡೆದರೆ 10 ಮನೆ, ನಾಲ್ಕು ಬದಿಗೆ 40. ವ್ಯಾಸ 10. ಅನುಪಾತ 4.

ಪೈ ಬೆಲೆ 4 ಎಂದು 'ಸಾಧಿಸುವ' ಮೆಟ್ಟಿಲಿನ ಚಿತ್ರವೊಂದು ಆಗಾಗ ಸುತ್ತುತ್ತಿರುತ್ತದೆ: ವ್ಯಾಸ 1 ಇರುವ ವೃತ್ತದ ಸುತ್ತ ಚೌಕ, ಮೂಲೆಗಳನ್ನು ಒಳಗೆ ಮಡಚಿ ಮಡಚಿ ಮೆಟ್ಟಿಲುಗಳಾಗಿಸಿ ವೃತ್ತಕ್ಕೆ ಅಂಟಿಸಿದರೂ ಒಟ್ಟು ಉದ್ದ 4 ಆಗಿಯೇ ಉಳಿಯುತ್ತದೆ. ಅದರ ಗುಟ್ಟು ಇದೇ. ಮೆಟ್ಟಿಲು ಎಷ್ಟೇ ಸಣ್ಣದಾದರೂ ಅದು ಅಡ್ಡಕ್ಕೆ, ಉದ್ದಕ್ಕೆ ಮಾತ್ರ ನಡೆಯುತ್ತದೆ, ವೃತ್ತದ ಓರೆಯನ್ನು ಎಂದೂ ಹಿಡಿಯುವುದಿಲ್ಲ. ಪರಿಧಿಯನ್ನು ಆಟೋ ಮೀಟರಿನಲ್ಲಿ ಅಳೆದು ಕಾಗೆಯ ಲೆಕ್ಕಕ್ಕೆ ಬರೆದಿದ್ದಾರೆ.

ಇನ್ನು ಅಂಗಳಕ್ಕೆ ಬನ್ನಿ. ರಂಗೋಲಿಗೆ ನಡುಸಾಲಿನಲ್ಲಿ 15 ಚುಕ್ಕಿ, ಎರಡೂ ಕಡೆ ಸಂದು ಚುಕ್ಕಿಯಾಗಿ ಒಂದೊಂದೇ ಕಡಿಮೆ ಮಾಡುತ್ತಾ 8ರವರೆಗೆ ಇಡಿ. ಪಕ್ಕದ ಚುಕ್ಕಿಗೆ ಹೋಗುವುದು ಒಂದು ಹೆಜ್ಜೆ ಎಂದು ನಿಯಮ ಮಾಡಿಕೊಳ್ಳಿ. ನಟ್ಟನಡುವಿನ ಚುಕ್ಕಿಯಿಂದ ಅಂಚಿನ ಯಾವ ಚುಕ್ಕಿಗೆ ಹೋಗಬೇಕಾದರೂ 7 ಹೆಜ್ಜೆ. ಎಣಿಸಿ ನೋಡಿ, ಮೂಲೆಯ ಚುಕ್ಕಿಗೂ 7, ಬದಿಯ ನಡುವಿನದಕ್ಕೂ 7. ಹಾಗಾಗಿ ಆ ಆರು ಮೂಲೆಯ ಅಂಚೇ ಇಲ್ಲಿಯ ವೃತ್ತ. ಅಂಚನ್ನು ಪೂರ್ತಿ ಸುತ್ತಲು 42 ಹೆಜ್ಜೆ, ವ್ಯಾಸ 14. ಅನುಪಾತ 3. ಇದನ್ನು ಅಕ್ಕನಿಗೆ ತೋರಿಸಿದಾಗ ಅವಳು, "ಏಳು ಚುಕ್ಕಿಯಿಂದ ನಾಲ್ಕಕ್ಕೆ ಇಟ್ಟರೂ ಹಾಗೇ ಬರುತ್ತದೆಯೇನೋ?" ಎಂದು ತಾನೇ ಎಣಿಸಿದಳು: 18, 6. ಬಂತು.

ಚಪ್ಪಟೆ ನೆಲದಲ್ಲಿ ದೂರ ಅಳೆಯುವ ಇಂಥ ನಿಯಮಗಳನ್ನು ಬೇಕಾದಷ್ಟು ಹುಟ್ಟಿಸಬಹುದು. ಹೋಗುವ ದೂರವೂ ಬರುವ ದೂರವೂ ಒಂದೇ ಇರಬೇಕು, ಎಲ್ಲಿಂದ ಹೊರಟರೂ ನಿಯಮ ಒಂದೇ ಇರಬೇಕು ಎಂಬಂಥ ಕೆಲವು ಷರತ್ತುಗಳನ್ನು ಪಾಲಿಸಿದರೆ, ಅನುಪಾತ 3ಕ್ಕಿಂತ ಕೆಳಗೆ ಇಳಿಯದು, 4ಕ್ಕಿಂತ ಮೇಲೆ ಏರದು ಎಂದು ಪೋಲೆಂಡಿನ ಸ್ಟಾನಿಸ್ಲಾವ್ ಗೊವಾಂಬ್ 1932ರಲ್ಲಿ ಸಾಧಿಸಿದ. ರಂಗೋಲಿ ಒಂದು ತುದಿ, ಜಯನಗರ ಇನ್ನೊಂದು ತುದಿ.

ಹಂತ 6: ವೃತ್ತವನ್ನೇ ತೆಗೆದುಹಾಕಿ

ನಿಜವಾದ ಪರೀಕ್ಷೆ ಇದು. ದಾರ, ಚೆಂಡು, ಚುಕ್ಕಿ ಎಲ್ಲವನ್ನೂ ಎತ್ತಿಡಿ. ಕೇರಳದ ಸಂಗಮಗ್ರಾಮದ ಮಾಧವ 14ನೆಯ ಶತಮಾನದ ಸುಮಾರಿಗೆ ಕಂಡುಕೊಂಡ ಶ್ರೇಣಿಯನ್ನು ಬರೆಯಿರಿ: 1ರಿಂದ ಮೂರನೇ ಒಂದನ್ನು ಕಳೆಯಿರಿ, ಐದನೇ ಒಂದನ್ನು ಕೂಡಿ, ಏಳನೇ ಒಂದನ್ನು ಕಳೆಯಿರಿ, ಹೀಗೆ ಹತ್ತು ಪದ. ಬಂದದ್ದನ್ನು 4ರಿಂದ ಗುಣಿಸಿ. 3.04184 ಸಿಗುತ್ತದೆ. ಇಷ್ಟು ದುಡಿದು ಇಷ್ಟೇ ಫಲವೇ ಎನಿಸಬಹುದು. ಈ ಶ್ರೇಣಿ ಆಮೆಯಂತೆ ನಡೆಯುತ್ತದೆ. ಮಾಧವನ ಜಾಣ್ಮೆ ಇರುವುದು ಮುಂದಿನ ಹೆಜ್ಜೆಯಲ್ಲಿ. ನಿಲ್ಲಿಸಿದ ಜಾಗದಲ್ಲಿ ಒಂದು ತಿದ್ದುಪಡಿ ಸೇರಿಸಬೇಕು. ಹತ್ತು ಪದಗಳಿಗೆ ಅದು 40ನ್ನು 401ರಿಂದ ಭಾಗಿಸಿದಷ್ಟು, ಅಂದರೆ 0.09975. ಕೂಡಿ: 3.14159. ಐದು ದಶಮಾಂಶ ಸ್ಥಾನಗಳು ಸರಿ, ಅದೂ ಹತ್ತೇ ಪದಗಳಿಂದ.

ಇಲ್ಲಿ ನೆಲವಿಲ್ಲ, ನಡಿಗೆಯಿಲ್ಲ. ಫುಟ್‌ಬಾಲ್ ಮೇಲಿನ ಇರುವೆ ಕೂಡಿದರೂ, ಆಟೋದವರು ಕೂಡಿದರೂ ಇದೇ ಮೊತ್ತ. ಈ ಸಂಖ್ಯೆ ಬದಲಾಗಬೇಕಾದರೆ ಮೂರನೇ ಒಂದು ಎಂಬುದು ಮೂರನೇ ಒಂದಲ್ಲದೆ ಇನ್ನೇನೋ ಆಗಬೇಕು. ಪೈ ಬೇರೆ ಬೆಲೆ ತಳೆಯುವ ವಿಶ್ವ ಇರಬಹುದಲ್ಲವೇ ಎಂದು ಕೇಳುವವರ ಮುಂದೆ ನಾನು ಈ ಶ್ರೇಣಿಯನ್ನು ಇಡುತ್ತೇನೆ. ವಿಶ್ವ ಬಾಗಲಿ, ಮಡಚಲಿ. ಅಲ್ಲಿ ಪರಿಧಿ–ವ್ಯಾಸಗಳ ಅನುಪಾತ ಬೇರೆಯಾಗುತ್ತದೆ. ಕೂಡುವುದು, ಕಳೆಯುವುದು ಇರುವಷ್ಟು ದಿನ ಈ ಮೊತ್ತ ಇದೇ.

ಹಂತ 7: ಉಳಿದ ಅನುಮಾನಗಳನ್ನು ಬೇಗ ಮುಗಿಸಿ

ಬರಹ ಬದಲಾಗಿದೆಯೇ? ೩.೧೪೧೫೯ ಎಂದು ಕನ್ನಡ ಅಂಕಿಗಳಲ್ಲಿ ಬರೆಯಿರಿ, ಕಂಪ್ಯೂಟರಿನಂತೆ ಎರಡೇ ಅಂಕಿ ಬಳಸಿ 11.001001 ಎಂದು ಶುರುಮಾಡಿ, ಸಂಖ್ಯೆ ಅದೇ.

ಲೆಕ್ಕ ತಪ್ಪಿದೆಯೇ? ಇಂಗ್ಲೆಂಡಿನ ವಿಲಿಯಂ ಶ್ಯಾಂಕ್ಸ್ 1873ರಲ್ಲಿ ಪೈಯ 707 ಸ್ಥಾನಗಳನ್ನು ಕೈಯಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ. 528ನೆಯ ಸ್ಥಾನದಿಂದ ಮುಂದೆ ಎಲ್ಲವೂ ತಪ್ಪಾಗಿತ್ತು ಎಂದು ಫರ್ಗ್ಯೂಸನ್ ಪತ್ತೆಹಚ್ಚಿದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಂಗ್ರಹಾಲಯವೊಂದರ ಗೋಡೆಯ ಮೇಲೆ ಆ ಅಂಕಿಗಳನ್ನು ಮರದಲ್ಲಿ ಕೆತ್ತಿ ಕೂರಿಸಿಯಾಗಿತ್ತು. ಪಾಪ, ಕಿತ್ತು ಮತ್ತೆ ಜೋಡಿಸಿದರು.

ಊಹೆಯೊಂದು ಸ್ಥಿರಾಂಕದ ವೇಷ ಹಾಕಿದೆಯೇ? ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಸೂತ್ರದಲ್ಲಿ 1.08366 ಎಂಬ ಸ್ಥಿರಾಂಕ ಬರಬೇಕೆಂದು ಲೆಜಾಂಡ್ರ್ 1808ರಲ್ಲಿ ಬರೆದ. 1899ರ ಹೊತ್ತಿಗೆ ಅದರ ನಿಜವಾದ ಬೆಲೆ ಬರೀ 1 ಎಂದು ಸಾಬೀತಾಯಿತು. ಇವತ್ತಿಗೂ ಅದನ್ನು ಲೆಜಾಂಡ್ರ್‌ನ ಸ್ಥಿರಾಂಕ ಎಂದೇ ಕರೆಯುತ್ತಾರೆ, ಸ್ವಲ್ಪ ನಗುತ್ತಲೇ ಇರಬೇಕು.

ವ್ಯಾಖ್ಯೆಯಲ್ಲೇ ಆಯ್ಕೆ ಇದೆಯೇ? ಇದು ಅಪರೂಪ, ಆದರೆ ಉಂಟು. ಮನಬಂದಂತೆ ಬರೆದ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಎಂದಾದರೂ ನಿಲ್ಲುವ ಸಂಭವ ಎಷ್ಟು ಎಂಬುದನ್ನು ಹೇಳುವ ಸಂಖ್ಯೆಗೆ ಗಣಿತಜ್ಞ ಗ್ರೆಗರಿ ಚೈಟಿನ್ ಹೆಸರಿನಲ್ಲಿ ಓಮೆಗಾ ಎನ್ನುತ್ತಾರೆ. ಪ್ರೋಗ್ರಾಮ್ ಬರೆಯುವ ಭಾಷೆ ಬದಲಾದರೆ ಅದರ ಬೆಲೆಯೂ ಬದಲಾಗುತ್ತದೆ. 2002ರಲ್ಲಿ ಅದರ ಮೊದಲ 64 ದ್ವಿಮಾನ ಅಂಕಿಗಳನ್ನು ಲೆಕ್ಕ ಹಾಕಿದವರೂ ಯಾವ ಯಂತ್ರಕ್ಕೆ ಎಂದು ಹೇಳಿಯೇ ಲೆಕ್ಕ ಹಾಕಿದ್ದರು. ಓಮೆಗಾ ಬೆಲೆ ಬೇರೆ ಎಂದು ಯಾರಾದರೂ ನಿಮಗೆ ಸಂದೇಶ ಕಳುಹಿಸಿದರೆ ಜರಡಿ ಹುಡುಕಬೇಡಿ, ಯಾವ ಭಾಷೆಯಲ್ಲಿ ಎಂದು ಕೇಳಿ.